ಒದ್ದೆ ಬಲೆ

ಬಲೆ ಗಾಳಿಯಲ್ಲಿ ಅರಳಿ, ಒಂದು ಗಳಿಗೆ ಅಲ್ಲೇ ನಿಂತಂತೆ ಕಂಡು, ನೀರಿನ ಮೇಲೆ ಒಂದೇ ಸದ್ದಿಗೆ ಬಿತ್ತು. ಅಂಚಿನ ಸೀಸದ ಗುಂಡುಗಳೆಲ್ಲ ಒಟ್ಟಿಗೇ ಮುಳುಗಿದವು. ಬೇರೆ ಯಾರು ಬೀಸಿದರೂ ಗುಂಡುಗಳು ಒಂದರ ಹಿಂದೊಂದು ಪಟಪಟನೆ ಬೀಳುತ್ತಿದ್ದವು. ಅಣ್ಣ ಬೀಸಿದಾಗ ಮಾತ್ರ ಹೀಗೆ, ಅಗಲವಾದ ಪಾತ್ರೆಗೆ ಮೆಲ್ಲಗೆ ಮುಚ್ಚಳ ಇಟ್ಟ ಹಾಗೆ.

"ನೋಡಿದ್ರಾ?" ದಂಡೆಯ ಮೇಲೆ ತಕ್ಕಡಿ ಹಿಡಿದು ನಿಂತಿದ್ದ ತಂಗಿ ಗಂಡನ ಕಡೆ ತಿರುಗಿದಳು. "ಇದಕ್ಕೇ ನಾನು ಹೇಳಿದ್ದು, ಅಣ್ಣನೇ ಬರಲಿ ಅಂತ."

"ನಾನೇನು ಬೇಡ ಅಂದ್ನಾ? ಷೆಡ್ಡಲ್ಲಿ ನಮ್ಮದೇ ಒಂದು ಬಲೆ ಇದೆ ಅಂದೆ, ಅಷ್ಟೆ."

"ನೀವು ಬೀಸಿದ್ರೆ ಅದು ಬಲೆ ಅಲ್ಲ, ಒಗೆಯೋಕೆ ಹಾಕಿದ ಕಂಬಳಿ."

ಗಂಡ ನೀರಿನಲ್ಲಿದ್ದವನ ಕಡೆ ಕೂಗಿದ. "ಭಾವಾ, ನಿನ್ನ ಬಲೇದು ಎರಡು ಗುಂಡು ಬಿಚ್ಚಿ ಕೊಟ್ಟು ಹೋಗು. ನಿನ್ನ ತಂಗಿ ನಾಲಿಗೆಗೆ ಕಟ್ಟೋದಿದೆ."

ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ಅಣ್ಣ ಕೇಳಿಸದವನಂತೆ ಹಗ್ಗ ಎಳೆದುಕೊಳ್ಳತೊಡಗಿದ. ಎಳೆಯುವಾಗ ಅವನ ಮುಖದಲ್ಲಿ ಯಾವಾಗಲೂ ಸಣ್ಣದೊಂದು ನಾಚಿಕೆ ಇರುತ್ತಿತ್ತು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಿರುವವನ ನಾಚಿಕೆ. ಬಲೆಯ ಮಡಿಕೆಗಳಲ್ಲಿ ಸಿಗಡಿಗಳು ಚಿಟಚಿಟನೆ ಸಿಡಿದವು. ತಿಳಿಗಾಜಿನಂಥ ಮೈ. ಬೆನ್ನುದ್ದಕ್ಕೂ ಕಪ್ಪು ದಾರದ ಹಾಗೆ ಕಾಣುವ ಕರುಳು ತುಂಬಿತ್ತು, ಅಂದರೆ ಬೆಳಗಿನ ಮೇವನ್ನು ಚೆನ್ನಾಗಿ ತಿಂದಿವೆ. ತಂಗಿ ಅವನ್ನು ತೂತಿನ ಬಕೆಟ್ಟಿಗೆ ಸುರಿದು ತಕ್ಕಡಿಗೆ ಸಿಕ್ಕಿಸಿದಳು. ಮುಳ್ಳು ಹೋದ ವಾರದ ಗೆರೆ ದಾಟಿ ನಿಂತಿತು. ಅವಳು ಗಂಡನ ಕಡೆ ಒಮ್ಮೆ ನೋಡಿದಳು. ಅವನೂ ನೋಡಿದ.

ಕಾಲುವೆಯ ಉದ್ದಕ್ಕೂ ಇದ್ದ ಸಿಗಡಿ ಕೊಳಗಳಿಗೆಲ್ಲ ತೂಕದ ದಿನ ಬಲೆ ಬೀಸುವವನು ಅವನೊಬ್ಬನೇ. ವಾರಕ್ಕೊಮ್ಮೆ ಒಂದಿಷ್ಟು ಸಿಗಡಿ ಹಿಡಿದು ತೂಗಿ ನೋಡಿದರೆ ಎಷ್ಟು ಬೆಳೆದಿವೆ, ಮೇವು ಎಷ್ಟು ಹಾಕಬೇಕು ಎಂದು ತಿಳಿಯುತ್ತದೆ. ಆ ಕೆಲಸಕ್ಕೆ ಯಾರ ಬಲೆಯಾದರೂ ಆದೀತು. ಆದರೆ ಅವನ ಕೈಗುಣ ಒಳ್ಳೆಯದೆಂಬ ಮಾತು ಯಾವಾಗಲೋ ಹುಟ್ಟಿಕೊಂಡು, ಈಗ ಅದರ ಬಗ್ಗೆ ಯಾರೂ ತಮಾಷೆ ಕೂಡ ಮಾಡದಷ್ಟು ಗಟ್ಟಿಯಾಗಿತ್ತು. ಅವನು ಬೀಸಿದ ಕೊಳದಲ್ಲಿ ಸಿಗಡಿ ಮೈ ತುಂಬಿಕೊಳ್ಳುತ್ತದೆ, ಬೀಸದ ಕೊಳದಲ್ಲಿ ಸೊರಗುತ್ತದೆ. ಅವನ ಸರದಿಗಾಗಿ ಕೊಳದವರು ಟೀ ಅಂಗಡಿಯಲ್ಲಿ ಜಗಳವಾಡಿದ್ದೂ ಉಂಟು. ಅವನು ಮಾತ್ರ ಯಾರ ಪರವೂ ವಹಿಸದೆ, ಕಾಲುವೆಯ ಮೇಲ್ತುದಿಯಿಂದ ಶುರುಮಾಡಿ ಒಂದೊಂದೇ ಕೊಳ ಮುಗಿಸಿಕೊಂಡು ಬರುತ್ತಿದ್ದ.

ಒಂದು ಪದ್ಧತಿಯನ್ನು ಅವನು ಎಂದೂ ಮುರಿದವನಲ್ಲ. ತೂಕದ ದಿನ ಬಲೆ ಒಣಗಲು ಬಿಡುತ್ತಿರಲಿಲ್ಲ. ಒಣಗಿದ ಬಲೆ ಹಗುರ, ಗಾಳಿಗೆ ಸಿಕ್ಕಿ ಮುದುಡುತ್ತದೆ. ಒದ್ದೆ ಬಲೆಗೆ ಮೈಭಾರ ಇರುತ್ತದೆ, ಹೇಳಿದ ಮಾತು ಕೇಳುತ್ತದೆ. ಹಾಗಾಗಿ ಒಂದು ಕೊಳದಲ್ಲಿ ಬೀಸಿ ಮುಗಿದ ಕೂಡಲೇ ಅದೇ ಕೊಳದ ನೀರು ತುಂಬಿದ ಬಕೆಟ್ಟಿಗೆ ಬಲೆ ಇಳಿಸಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮುಂದಿನ ಕೊಳಕ್ಕೆ ಹೊರಡುತ್ತಿದ್ದ. ತಂಗಿಯ ಕೊಳ ಎಲ್ಲಕ್ಕಿಂತ ಕೊನೆಯದು. "ಮನೆಯವರು ಕೊನೆಗೆ" ಎನ್ನುತ್ತಿದ್ದ. ಅಲ್ಲಿ ಕೆಲಸ ಮುಗಿಸಿ, ಕೈಕಾಲು ತೊಳೆದು, ಷೆಡ್ಡಿನ ನೆರಳಲ್ಲಿ ಊಟ ಮಾಡಿಯೇ ಮನೆಗೆ ಹೋಗುವುದು.

ಆ ದಿನವೂ ಊಟಕ್ಕೆ ಕೂತಿದ್ದರು. ಷೆಡ್ಡೆಂದರೆ ತಗಡಿನ ಮಾಡು, ಮೂರು ಕಡೆ ಗೋಡೆ. ಒಂದು ಮೂಲೆಯಲ್ಲಿ ಮೇವಿನ ಚೀಲಗಳು. ಗೋಡೆಯ ಮೊಳೆಗೆ ಗಂಡನ ಹಳೆಯ ದೋಣಿಚೀಲ ನೇತಾಡುತ್ತಿತ್ತು. ಮೀನಿನ ದೋಣಿಯಲ್ಲಿ ಬಲೆ ಎಳೆದು ಎಳೆದು ಅವನ ಬೆನ್ನು ಹಿಡಿದುಹೋಗಿತ್ತು. ಇನ್ನು ಭಾರ ಎಳೆಯಬೇಡ ಎಂದು ಡಾಕ್ಟರು ಹೇಳಿದ್ದರು. ಹೇಳುವುದು ಸುಲಭ. ತಂಗಿಯ ಪಾಲಿಗೆ ತವರಿನಿಂದ ಬಂದ ಈ ಒಂದು ಕೊಳವಿತ್ತು, ಅದನ್ನೇ ನಂಬಿ ಅವನು ದಡಕ್ಕೆ ಬಂದಿದ್ದ. ದೋಣಿಯ ಯಜಮಾನ ಆಗಾಗ ಹೇಳಿ ಕಳಿಸುತ್ತಿದ್ದ, ಆಳು ಸಾಲದು, ಬರ್ತೀಯೋ ಇಲ್ವೋ ಅಂತ. ಈ ಬೆಳೆ ಕೈಗೆ ಬಂದರೆ ಬರುವುದಿಲ್ಲ ಎಂದು ಹೇಳಿಬಿಡುವುದು, ಬರದಿದ್ದರೆ ಮತ್ತೆ ದೋಣಿ ಹತ್ತುವುದು. ಗಂಡ ಹೆಂಡತಿಯ ನಡುವೆ ಹೀಗೆಂದು ತೀರ್ಮಾನವಾಗಿತ್ತು. ಅಲ್ಲಿಯ ತನಕ ಚೀಲ ಮೊಳೆಯ ಮೇಲೆಯೇ ಇರಲಿ ಎಂದು ಅವಳು ಅದನ್ನು ಮುಟ್ಟುತ್ತಿರಲಿಲ್ಲ.

"ಇನ್ನೊಂದು ತಿಂಗಳು ಹೀಗೇ ಹೋದ್ರೆ ಸಾಕು," ಎಂದ ಅಣ್ಣ ತುತ್ತು ಕಲಸುತ್ತ. "ನಿನ್ನ ಸಿಗಡಿ ಚೆನ್ನಾಗಿದೆ. ಗಡಿಯಾರನ ಕೊಳದ್ದೇ ಸ್ವಲ್ಪ ಮೆತ್ತಗಿತ್ತು."

ಗಡಿಯಾರ ಎಂದರೆ ಕಾಲುವೆಯ ಮೇಲ್ತುದಿಯ ಮೊದಲ ಕೊಳದವನು. ನಿಮಿಷ ತಪ್ಪಿದರೆ ಸಿಗಡಿ ಮುನಿಸಿಕೊಳ್ಳುತ್ತವೆ ಎನ್ನುವಂತೆ ಗಡಿಯಾರ ನೋಡಿಯೇ ಮೇವು ಹಾಕುವುದರಿಂದ ಎಲ್ಲರೂ ಅವನನ್ನು ಹಾಗೆ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

"ಮೆತ್ತಗೆ ಅಂದ್ರೆ?" ತಂಗಿ ಕೇಳಿದಳು.

"ಚಿಪ್ಪು ಸಡಿಲ. ಪೊರೆ ಬಿಡೋ ಸಮಯ ಇರ್ಬೇಕು."

ಅಣ್ಣನ ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು. ಎಂಜಲು ಕೈಯಾದ್ದರಿಂದ ತಂಗಿಯೇ ತೆಗೆದು ಅವನ ಕಿವಿಗೆ ಹಿಡಿದಳು. ಗಡಿಯಾರನ ದನಿ ಆಚೆಗೂ ಕೇಳುವಷ್ಟು ಜೋರಾಗಿತ್ತು.

"ಎಲ್ಲಿದ್ದೀಯಾ ಮಾರಾಯಾ? ದಂಡೆಗೆ ಬಂದು ಸುಮ್ಮನೆ ನಿಂತ್ಕೋತಿವೆ. ಕೈ ಹಾಕಿದ್ರೂ ಓಡಲ್ಲ. ಮೈಯೆಲ್ಲ ಕೆಂಪಗೆ. ಕೊಕ್ಕರೆ ಬಂದು ಸಾಲಾಗಿ ಕೂತಿವೆ. ಬೆಳಿಗ್ಗೆ ನೀನೇ ಬೀಸಿದ್ದಲ್ಲ, ಏನಾದ್ರೂ ಕಂಡಿತ್ತಾ ನಿಂಗೆ? ಹೇಳು, ಕಂಡಿತ್ತಾ?"

ಅಣ್ಣ ತಟ್ಟೆಯನ್ನು ನೋಡುತ್ತ ಕೂತ. ಕಲಸಿದ ತುತ್ತು ಕಲಸಿದಂತೆಯೇ ಇತ್ತು.

*

ಅವತ್ತೇ ಮಧ್ಯಾಹ್ನದ ಮೇಲೆ ಸಿಗಡಿ ಪರೀಕ್ಷಿಸುವ ಲ್ಯಾಬಿನಿಂದ ಬಂದ ಹೆಣ್ಣುಮಗಳು ಗಡಿಯಾರನ ಕೊಳದ ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ಸಿಗಡಿಯ ತಲೆಚಿಪ್ಪನ್ನು ಉಗುರಿನಿಂದ ಬಿಡಿಸಿದಳು. ಒಳಪದರವನ್ನು ಉಜ್ಜಿ ಬಿಸಿಲಿಗೆ ಹಿಡಿದಳು. ಸುಣ್ಣದ ನೀರು ಸಿಡಿದು ಒಣಗಿದ ಹಾಗೆ ಬಿಳಿ ಚುಕ್ಕೆಗಳು. ನೋಡಬೇಕೆಂದು ಸುತ್ತ ಬಗ್ಗಿದ್ದವರು ನೋಡಿದ ಮೇಲೆ ಒಬ್ಬೊಬ್ಬರಾಗಿ ನೆಟ್ಟಗಾದರು.

"ಮದ್ದು?" ಗಡಿಯಾರ ಕೇಳಿದ.

"ಬಿಳಿ ಚುಕ್ಕೆ ರೋಗ. ಇದಕ್ಕೆ ಮದ್ದಿಲ್ಲ ಯಜಮಾನ್ರೇ."

"ಅಂಗಡೀಲಿ ಬಾಟ್ಲಿ ಬಾಟ್ಲಿ ಇಟ್ಕೊಂಡಿದಾನಲ್ಲ?"

"ಅವನು ಮಾರ್ತಾನೆ. ನೀವು ಸುರೀತೀರ. ಇದು ಸಾಯಲ್ಲ." ಅವಳ ದನಿಯಲ್ಲಿ ಬೇಸರವಿತ್ತು, ಆದರೆ ಗಡಸಿರಲಿಲ್ಲ. ಈ ಮಾತನ್ನು ಬೇರೆ ಬೇರೆ ದಂಡೆಗಳಲ್ಲಿ ಹೇಳಿ ಹೇಳಿ ಸವೆದಿದ್ದಳು. "ತೂಬು ಮುಚ್ಚಿ. ಒಂದು ತೊಟ್ಟು ನೀರೂ ಕಾಲುವೆಗೆ ಹೋಗಬಾರದು. ಬ್ಲೀಚಿಂಗ್ ಪುಡಿ ಹಾಕಿ ಎಲ್ಲವನ್ನೂ ಒಳಗೇ ಕೊಲ್ಲಬೇಕು. ಉಳಿದ ಕೊಳದವರು ಯಾರೂ ಕಾಲುವೆ ನೀರು ಎತ್ತಬೇಡಿ. ಏಡಿ ಹತ್ತದ ಹಾಗೆ ದಂಡೆ ಸುತ್ತ ಪ್ಲಾಸ್ಟಿಕ್ ಕಟ್ಟಿ. ಹಕ್ಕಿ ಇಳಿಯದ ಹಾಗೆ ಮೇಲೆ ದಾರ ಎಳೀರಿ."

"ಆಮೇಲೆ?"

"ಆಮೇಲೆ ಕಾಯಬೇಕು."

ಗುಂಪಿನ ಹಿಂದೆ ನಿಂತಿದ್ದ ತಂಗಿ ಕೇಳಿದಳು, "ಮೇಡಂ, ಇದು ಒಂದು ಕೊಳದಿಂದ ಇನ್ನೊಂದಕ್ಕೆ ಹೋಗೋದು ಹೇಗೆ?"

"ಒದ್ದೆ ಇರೋದು ಏನಾದ್ರೂ ಸಾಕು. ಏಡಿ, ಹಕ್ಕಿ ಕೊಕ್ಕಿಂದ ಬಿದ್ದ ಸಿಗಡಿ, ಬಕೆಟ್ಟು, ಮನುಷ್ಯರ ಕಾಲು, ಬಲೆ. ಕೆಲವು ಸಲ ತಂದ ಮರಿಯಲ್ಲೇ ಇರ್ತದೆ. ಇಂಥದ್ದರಿಂದಲೇ ಬಂತು ಅಂತ ಹೇಳೋಕಾಗಲ್ಲ." ಅವಳು ಸಿಗಡಿಯನ್ನು ಸಣ್ಣ ಶೀಶೆಗೆ ಹಾಕಿ ಬಿರಡೆ ತಿರುಗಿಸಿದಳು. "ಬಿಸಿಲಿಗೆ ಗರಿಗರಿ ಒಣಗಿದ್ರೆ ಸಾಯ್ತದೆ. ಒದ್ದೆ ಇದ್ದಷ್ಟು ಹೊತ್ತೂ ಜೀವ."

ಅವಳು ಈ ಕಡೆಗೆ ಹೊಸಬಳು. ಸೈಕಲ್ಲಿಗೆ ಕಟ್ಟಿದ್ದ ಬಕೆಟ್ಟು ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ಉಳಿದವರೆಲ್ಲರಿಗೂ ಗೊತ್ತಿತ್ತು. ಯಾರೂ ಆ ಕಡೆ ತಿರುಗಲಿಲ್ಲ. ಎಲ್ಲರೂ ಒಟ್ಟಿಗೆ ತಿರುಗದೆ ಇದ್ದದ್ದೇ, ಎಲ್ಲರೂ ಒಟ್ಟಿಗೆ ತಿರುಗಿ ನೋಡಿದ್ದಕ್ಕಿಂತ ಹೆಚ್ಚಾಗಿತ್ತು. ಅಣ್ಣ ಸೈಕಲ್ಲಿನ ಸ್ಟ್ಯಾಂಡು ತೆಗೆದು ತಳ್ಳಿಕೊಂಡು ಹೊರಟ. ಹತ್ತಲಿಲ್ಲ. ದಾರಿಯುದ್ದಕ್ಕೂ ಬಕೆಟ್ಟಿನ ನೀರು ತುಳುಕಿ ಮಣ್ಣಿನ ಮೇಲೆ ಕಪ್ಪು ಹನಿಗಳಾಗಿ ಬೀಳುತ್ತಿತ್ತು.

*

ಮಾರನೆಯ ದಿನದಿಂದ ಅವನು ಯಾರ ದಂಡೆಗೂ ಕಾಲಿಡಲಿಲ್ಲ. ಇಡಬೇಡ ಎಂದು ಯಾರೂ ಹೇಳಬೇಕಾಗಲಿಲ್ಲ. ಟೀ ಅಂಗಡಿಗೆ ಒಮ್ಮೆ ಹೋಗಿದ್ದನಂತೆ. "ಕೈಗುಣದವರು ಬಂದ್ರು, ಗ್ಲಾಸು ಸರಿಯಾಗಿ ತೊಳೆಯಪ್ಪಾ" ಎಂದು ಒಬ್ಬ ಅಂದನಂತೆ, ನಕ್ಕವರು ಒಬ್ಬಿಬ್ಬರೇ ಅಂತೆ. ಅವನು ಟೀ ಕುಡಿದು, ಗ್ಲಾಸನ್ನು ತಾನೇ ತೊಳೆದಿಟ್ಟು ಬಂದನಂತೆ. ಗಂಡ ಇದನ್ನು ಕೇಳಿಕೊಂಡು ಬಂದು ಹೇಳಿದಾಗ ತಂಗಿ, "ಅಂದವನು ಯಾರು?" ಎಂದಷ್ಟೇ ಕೇಳಿದಳು.

"ಯಾರಾದ್ರೇನು?"

"ಹೋದ ತಿಂಗಳು ಅಣ್ಣನ ಕೈ ಹಿಡ್ಕೊಂಡು, ಮೊದಲು ನಮ್ಮ ಕೊಳಕ್ಕೆ ಬಾ ಅಂತ ಗೋಗರೆದವನೇ ಇರ್ಬೇಕು."

ಗೋಗರೆದವರಲ್ಲಿ ಅವಳೂ ಇದ್ದಳು.

ಮಾಡಬೇಕಾದ್ದನ್ನೆಲ್ಲ ಮಾಡಿದರು. ತೂಬಿಗೆ ಹಲಗೆ ಇಳಿಸಿ ಸಂದಿಗೆ ಜೇಡಿ ಮೆತ್ತಿದರು. ದಂಡೆಯ ಸುತ್ತ ಮೊಣಕಾಲೆತ್ತರ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿದರು. ಕೊಳದ ಮೇಲೆ ಅಡ್ಡಡ್ಡ ದಾರ ಎಳೆದು ಹೊಳೆಯುವ ಕಾಗದದ ಚೂರು ಕಟ್ಟಿದರು. ದಾರ ಎಳೆಯುವಾಗ ಗಂಡ ಎರಡು ಸಲ ಬೆನ್ನು ಹಿಡಿದುಕೊಂಡು ಕೂತ. ಷೆಡ್ಡಿನಿಂದ ದಂಡೆಗೆ ಹೋಗುವಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟು, ಹೋಗುವಾಗೊಮ್ಮೆ ಬರುವಾಗೊಮ್ಮೆ ಕಾಲು ಅದ್ದಿದರು. ಅವಳ ಕಾಲ್ಬೆರಳ ಸಂದುಗಳು ಬೆಳ್ಳಗಾಗಿ ಸುಲಿಯತೊಡಗಿದವು. ಎಲ್ಲ ಮುಗಿದ ಮೇಲೆ ಇಬ್ಬರೂ ಕೊಳದ ಕಡೆ ಮುಖಮಾಡಿ ಕೂತರು. ನೀರು ಎಂದಿನಂತೆ ಹಸಿರಾಗಿತ್ತು. ನೀರಿಗೆ ಗಾಳಿ ಬೆರೆಸುವ ಏರಿಯೇಟರ್ ಚಕ್ರಗಳು ಎಂದಿನಂತೆ ತಿರುಗಿ ನೊರೆ ಎಬ್ಬಿಸುತ್ತಿದ್ದವು. ರೋಗ ಬಂದಿದ್ದರೆ ಒಳಗೆ ಬಂದಾಗಿದೆ, ಬಂದಿಲ್ಲದಿದ್ದರೆ ಇಲ್ಲ.

ತಿಳಿಯುವ ದಾರಿ ಒಂದೇ, ಮೇವಿನ ತಟ್ಟೆ. ಕೊಳದ ಮೂಲೆಗೆ ಚಾಚಿದ ಹಲಗೆಯಿಂದ ಹಗ್ಗದಲ್ಲಿ ಇಳಿಬಿಟ್ಟ ಅಗಲವಾದ ಬಲೆತಟ್ಟೆ ಅದು. ಅದರಲ್ಲಿ ಒಂದು ಹಿಡಿ ಮೇವು ಹಾಕಿ ಮುಳುಗಿಸಿ, ಸ್ವಲ್ಪ ಹೊತ್ತಿನ ಮೇಲೆ ಎತ್ತಿದರೆ ಖಾಲಿಯಾಗಿರಬೇಕು. ಖಾಲಿಯಾಗಿದ್ದರೆ ಸಿಗಡಿ ತಿನ್ನುತ್ತಿವೆ. ತಿನ್ನುತ್ತಿದ್ದರೆ ಚೆನ್ನಾಗಿವೆ.

ಅವಳು ತಟ್ಟೆ ಎತ್ತುವ ಹೊತ್ತಿಗೆ ಸರಿಯಾಗಿ ಕಾಲುವೆಯ ಆಚೆ ದಡದಲ್ಲಿ ಅಣ್ಣ ಬಂದು ನಿಲ್ಲುತ್ತಿದ್ದ. ಸೈಕಲ್ಲಿಲ್ಲ, ಬಕೆಟ್ಟಿಲ್ಲ. ಖಾಲಿ ಕೈಗಳನ್ನು ಏನು ಮಾಡಬೇಕೆಂದು ಗೊತ್ತಾಗದೆ ಹಿಂದೆ ಕಟ್ಟಿಕೊಂಡಿರುತ್ತಿದ್ದ.

"ತಿಂದ್ವಾ?" ಎಂದು ಕೂಗುತ್ತಿದ್ದ.

ಅವಳು ಬಾಯಿಂದ ಹೇಳುತ್ತಿರಲಿಲ್ಲ. ತಟ್ಟೆಯನ್ನು ತಲೆಯ ಮೇಲೆತ್ತಿ ಬೋರಲು ಮಾಡಿ ತೋರಿಸುತ್ತಿದ್ದಳು. ನೀರಷ್ಟೇ ಅವಳ ತೋಳಿನ ಮೇಲೆ ಸೋರುತ್ತಿತ್ತು. ಅವನು ತಲೆಯಾಡಿಸಿ ಹೊರಟುಹೋಗುತ್ತಿದ್ದ. ಮಧ್ಯಾಹ್ನ ಮತ್ತೆ ಬರುತ್ತಿದ್ದ, ಸಂಜೆ ಮತ್ತೆ.

"ದಿನಾ ಹಾಜರಿ ಹಾಕೋಕೆ ಬರ್ತಾನೆ ನಿಮ್ಮಣ್ಣ," ಎಂದ ಗಂಡ ಒಂದು ದಿನ. ತಮಾಷೆಗೆಂದು ಹೇಳಹೊರಟದ್ದು ನಡುವೆಯೇ ಬೇರೆಯಾಯಿತು. "ಒಂದು ಮಾತು ಕೇಳ್ತೀನಿ. ಅವತ್ತು ನಮ್ಮ ಬಲೆನೇ ಬೀಸಿದ್ರೆ..."

"ಕೇಳಬೇಡಿ," ಎಂದಳು ಅವಳು.

ಅವನು ಎದ್ದು ಹೋಗಿ, ಬಿಗಿಯಾಗಿಯೇ ಇದ್ದ ದಾರವನ್ನು ಮತ್ತೊಮ್ಮೆ ಬಿಗಿಮಾಡಿದ.

ಒಂದು ಬೆಳಿಗ್ಗೆ ತಟ್ಟೆ ಬೇಗನೆ ಖಾಲಿಯಾಯಿತು. ಅನುಮಾನ ಬಂದು ಅವಳು ಇನ್ನೊಂದು ಹಿಡಿ ಹಾಕಿದಳು. ಅದೂ ಖಾಲಿ. ಮತ್ತೊಂದು ಹಾಕಿದಳು. ತೊಳೆದಿಟ್ಟ ಹಾಗೆ ತಟ್ಟೆ ಮೇಲೆ ಬಂತು. ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಗಂಡನೂ ನಕ್ಕ. "ಮನೇಲಿ ನಂಗೆ ಒಂದು ಸಲಾನೂ ಹೀಗೆ ಬಡಿಸಿಲ್ಲ ನೀನು," ಎಂದ. ಅವಳು ತಟ್ಟೆಯನ್ನು ಬೋರಲು ಮಾಡಿ, ಆಚೆ ದಡದ ಕಡೆ ಅಲ್ಲಾಡಿಸಿ ಅಲ್ಲಾಡಿಸಿ ತೋರಿಸಿದಳು. ಅಣ್ಣ ಹಿಂದೆ ಕಟ್ಟಿದ್ದ ಕೈ ಬಿಚ್ಚಿ ಮೇಲೆತ್ತಿದ. ಅಲ್ಲಿಂದಲೇ ಏನೋ ಕೂಗಿದ, ಚಕ್ರದ ಸದ್ದಿನಲ್ಲಿ ಕೇಳಿಸಲಿಲ್ಲ.

ಮಧ್ಯಾಹ್ನ ಗಡಿಯಾರ ದಾರಿಯಲ್ಲಿ ಸಿಕ್ಕಿದ. ಅವನ ಕೊಳಕ್ಕೆ ಪುಡಿ ಸುರಿದು ಮುಗಿದಿತ್ತು. ಕೈಗಡಿಯಾರ ಇನ್ನೂ ಕಟ್ಟಿಕೊಂಡೇ ಇದ್ದ, ಆಗಾಗ ನೋಡಿಕೊಳ್ಳುತ್ತಲೂ ಇದ್ದ. ನೋಡಿ ಮಾಡುವುದೇನೂ ಇರಲಿಲ್ಲ. ಅವಳು ಹುರುಪಿನಿಂದ ತಟ್ಟೆಯ ವಿಷಯ ಹೇಳಿದಳು. ಅವನು ಕೇಳುತ್ತ ಕೇಳುತ್ತ ಬೇರೆ ಕಡೆ ನೋಡತೊಡಗಿದ.

"ಒಳ್ಳೇದಾಯ್ತು ಬಿಡಮ್ಮ," ಎಂದ.

"ಯಾಕೆ ಹಾಗೆ ಹೇಳ್ತೀರ?"

"ಏನಿಲ್ಲ."

"ಹೇಳಿ ಅಂದ್ರೆ."

ಅವನು ಕೈಗಡಿಯಾರದ ಪಟ್ಟಿ ಸರಿಮಾಡಿಕೊಂಡ. "ನಂದೂ ಒಂದು ದಿನ ಹಾಗೇ ತಿಂದ್ವು. ಹೆಂಡತಿಗೆ ಫೋನು ಮಾಡಿ ಹೇಳಿದ್ದೆ, ಒಂದು ಚೀಲ ಜಾಸ್ತಿ ತರಿಸ್ಬೇಕು ಅಂತ. ಅದರ ಮರುದಿನಾನೇ ಬಾಯಿ ಮುಚ್ಚಿದ್ದು." ಆಮೇಲೆ ಸೇರಿಸಿದ, "ಎಲ್ಲ ಕೊಳಾನೂ ಒಂದೇ ಥರ ಇರಲ್ಲ. ನಿನ್ನ ಕೊಳ ಬೇರೆ."

*

ಮಾರನೆಯ ಬೆಳಿಗ್ಗೆ ಅವಳು ಹಲಗೆಯ ತುದಿಗೆ ಹೋಗಿ ಹಗ್ಗ ಪೂರ್ತಿ ಎಳೆಯುವ ಮೊದಲೇ ಕೈಗೆ ಗೊತ್ತಾಯಿತು. ತಟ್ಟೆ ಭಾರವಾಗಿರಲಿಲ್ಲ, ಒಂದು ಹಿಡಿ ಮೇವಿಗೆ ಎಷ್ಟು ಭಾರ? ಆದರೂ ಗೊತ್ತಾಯಿತು. ನೀರಿನಿಂದ ಮೇಲೆ ಬಂದ ತಟ್ಟೆಯಲ್ಲಿ ಹಾಕಿದ ಮೇವು ಹಾಕಿದ ಹಾಗೆಯೇ ಊದಿಕೊಂಡು ಕೂತಿತ್ತು. ಅದರ ಮೇಲೆ ಒಂದೇ ಒಂದು ಸಿಗಡಿ, ತಿನ್ನದೆ, ಓಡದೆ, ಮೀಸೆಯನ್ನಷ್ಟೇ ಆಡಿಸುತ್ತ ಇತ್ತು.

"ತಿಂದ್ವಾ?" ಆಚೆ ದಡದಿಂದ ಕೂಗು ಬಂತು.

ಅವಳು ಕಾಲುವೆಗೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದಲ್ಲಿ ಮೇವಿನ ಬಕೆಟ್ಟಿತ್ತು. ಒಂದು ಗಳಿಗೆ ಹಾಗೆಯೇ ಇದ್ದು, ತಟ್ಟೆಯಲ್ಲಿದ್ದದ್ದನ್ನೆಲ್ಲ ಅಂಗೈಯಿಂದ ಬಳಿದು ಬಕೆಟ್ಟಿಗೆ ಹಾಕಿದಳು. ಮೂಲೆಯಲ್ಲಿ ಅಂಟಿದ್ದನ್ನು ಉಗುರಿನಿಂದ ಕೆರೆದಳು. ಸಿಗಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಎದ್ದು, ತಿರುಗಿ, ತಟ್ಟೆಯನ್ನು ತಲೆಯ ಮೇಲೆತ್ತಿ ಬೋರಲು ಮಾಡಿದಳು.

ಅಣ್ಣ ತಕ್ಷಣ ಹೋಗಲಿಲ್ಲ. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತ. ಆಮೇಲೆ ತಲೆಯಾಡಿಸಿ ಹೊರಟ. ಅವನು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ತಟ್ಟೆ ಇಳಿಸಲಿಲ್ಲ.

ಷೆಡ್ಡಿನ ಮುಂದೆ ಗಂಡ ನಿಂತಿದ್ದ. ಎಲ್ಲ ನೋಡಿದ್ದ.

"ಎಷ್ಟು ದಿನ ಅಂತ ಮುಚ್ಚಿಡ್ತೀಯ?"

"ಇವತ್ತೊಂದು ದಿನ ಅಣ್ಣ ಊಟ ಮಾಡ್ಲಿ," ಎಂದಳು ಅವಳು. ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ಸಿಗಡಿ ಇನ್ನೂ ಇತ್ತು. ಬೆರಳಿನಷ್ಟು ಉದ್ದ. ಮಾರುವಷ್ಟು ದೊಡ್ಡದೂ ಅಲ್ಲ, ಬಿಡುವಷ್ಟು ಚಿಕ್ಕದೂ ಅಲ್ಲ. ಗಂಡ ಅದನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದ. ಬಹಳ ಹೊತ್ತು ನೋಡಿದ. ಲ್ಯಾಬಿನವಳು ಮಾಡಿದ ಹಾಗೆ ತಲೆಚಿಪ್ಪು ಬಿಡಿಸಹೋದ. ಅವನ ದಪ್ಪ ಬೆರಳುಗಳಿಗೆ ಅದು ಬರಲಿಲ್ಲ, ಚಿಪ್ಪು ಮುರಿಯಿತು.

"ಚುಕ್ಕೆ ಇಲ್ಲ," ಎಂದ.

"ಕಾಣಿಸ್ತಿಲ್ಲ," ಎಂದಳು.

ಮುಚ್ಚಿಡುವ ಕೆಲಸವನ್ನು ಮಾರನೆಯ ದಿನ ಹಕ್ಕಿಗಳು ಮುಗಿಸಿದವು. ಬೆಳಕು ಹರಿಯುವಷ್ಟರಲ್ಲಿ ಬೆಳ್ಳಕ್ಕಿಗಳು ದಂಡೆಯುದ್ದಕ್ಕೂ ಸಾಲುಗಟ್ಟಿ ಕೂತಿದ್ದವು. ಹೊಳೆಯುವ ಕಾಗದದ ಚೂರುಗಳು ಅವುಗಳ ತಲೆಯ ಮೇಲೆಯೇ ಪಟಪಟಿಸುತ್ತಿದ್ದವು, ಒಂದೂ ಹೆದರಲಿಲ್ಲ. ಕಾಲುವೆಯ ಎರಡೂ ದಡದ ಯಾವ ಕೊಳದಿಂದ ನೋಡಿದರೂ ಕಾಣುವ ಹಾಗೆ, ಬೆಳ್ಳಗೆ. ಗಂಡ ತಗಡು ಬಡಿಯುತ್ತ ಓಡಿದ. ಅವು ಎದ್ದು, ಕೊಳದ ಮೇಲೆ ಒಂದು ಸುತ್ತು ಹೊಡೆದು, ಅವನ ಹಿಂದೆಯೇ ಬಂದು ಕೂತವು.

ಲ್ಯಾಬಿನ ಹೆಣ್ಣುಮಗಳು ಬಂದಳು. ಕೊಳದ ನಡುವಿನಿಂದಲೂ ಸಿಗಡಿ ಬೇಕು, ದಂಡೆಯದ್ದಷ್ಟೇ ಸಾಲದು ಎಂದಳು. ಗಂಡ ಷೆಡ್ಡಿನಿಂದ ತಮ್ಮ ಬಲೆ ತಂದು ನೀರಿಗಿಳಿದ. ಬೀಸಿದ. ಅದು ಗಂಟಾಗಿ ದೊಪ್ಪನೆ ಬಿತ್ತು. ಎಳೆದರೆ ಬರೀ ಕೆಸರು. ಇನ್ನೊಮ್ಮೆ ಬೀಸಿದ. ಮತ್ತೆ ಹಾಗೆಯೇ. ಬೆನ್ನು ನೆಟ್ಟಗೆ ಮಾಡಲಾಗದೆ ನೀರಿನಲ್ಲೇ ಬಗ್ಗಿ ನಿಂತ. ದಂಡೆಯ ಮೇಲಿದ್ದ ಯಾರೂ ನಗಲಿಲ್ಲ.

"ಮೊಣಕೈ ಎತ್ತು ಭಾವಾ!"

ಆಚೆ ದಡದಲ್ಲಿ ಅಣ್ಣ ನಿಂತಿದ್ದ. ಹಕ್ಕಿಗಳನ್ನು ನೋಡಿಯೇ ಬಂದಿರಬೇಕು.

"ಮೊಣಕೈ ಎತ್ತು. ಎಡಗೈ ಸಡಿಲ ಬಿಡು. ಸೊಂಟ ತಿರುಗಿಸು, ತೋಳಲ್ಲ." ಅವನು ಬರಿಗೈಯಲ್ಲಿ ಬೀಸಿ ತೋರಿಸಿದ. ಇಲ್ಲದ ಬಲೆ ಅವನ ಕೈಯಿಂದ ಹೊರಟು ಕಾಲುವೆಯ ಮೇಲೆ ಅರಳಿದಂತೆ ಕಂಡಿತು. "ಹಾಂ. ಈಗ ಬಿಡು."

ಗಂಡ ಬೀಸಿದ. ಬಲೆ ಅರ್ಧ ಅರಳಿತು. ಅಷ್ಟು ಸಾಕಾಯಿತು.

ಚಿಪ್ಪು ಬಿಡಿಸಿದ ಮೇಲೆ ಲ್ಯಾಬಿನವಳು ಅದನ್ನು ತಂಗಿಯ ಅಂಗೈಯಲ್ಲಿಟ್ಟಳು. ಈ ಸಲ ಉಜ್ಜಿ ನೋಡಬೇಕಾಗಿರಲಿಲ್ಲ.

"ಅರ್ಧಕ್ಕರ್ಧ ಇನ್ನೂ ಚೆನ್ನಾಗಿ ಓಡಾಡ್ತಿವೆಯಲ್ಲಾ," ಎಂದ ಗಂಡ. ನೀರು ಸೋರುತ್ತ ನಿಂತೇ ಇದ್ದ. "ಎರಡು ದಿನ ನೋಡೋಣ. ಕೆಲವು ಬದುಕಿಕೊಳ್ಳಲ್ವಾ?"

"ಎರಡು ದಿನ ಹಕ್ಕಿಗಳೂ ಇರ್ತಾವೆ," ಎಂದಳು ಲ್ಯಾಬಿನವಳು. "ಪಕ್ಕದ ಕೊಳದಲ್ಲಿ ಇನ್ನೂ ಬಂದಿಲ್ಲ." ಅವನ ಮುಖ ನೋಡದೆ ಮತ್ತೆ ಹೇಳಿದಳು, "ನಾನು ಮಾಡಿ ಅಂತ ಹೇಳೋದಷ್ಟೆ. ಮಾಡಿಸೋ ಅಧಿಕಾರ ನನಗಿಲ್ಲ."

ಗಂಡ ಹೆಂಡತಿಯ ಕಡೆ ನೋಡಿದ. ಕೊಳ ಅವಳದು. ಅವಳು ಪಕ್ಕದ ಕೊಳದ ಕಡೆ ನೋಡುತ್ತಿದ್ದಳು. ಅಲ್ಲಿಯ ಗಂಡ ಹೆಂಡತಿ, ಮುದುಕಿ ತಾಯಿ, ಮೂವರೂ ತಮ್ಮ ದಂಡೆಯಲ್ಲಿ ಸಾಲಾಗಿ ನಿಂತಿದ್ದರು. ಕೇಳಲು ಬಾಯಿಲ್ಲದೆ, ಇತ್ತ ನೋಡುತ್ತ.

ಪುಡಿಯ ಚೀಲಗಳನ್ನು ಬಿಚ್ಚಿದವಳು ಅವಳೇ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರಿನಲ್ಲಿ ಕದಡಿ, ದಂಡೆಯುದ್ದಕ್ಕೂ ನಡೆಯುತ್ತ ಮಗ್ಗಿನಿಂದ ಎರಚಿದಳು. ಮೇವು ಎರಚುವಾಗಲೂ ಅವಳ ಕೈ ಹೀಗೆಯೇ ಬೀಸುತ್ತಿತ್ತು. ಆ ಬೀಸಿಗೆ ಒಗ್ಗಿಹೋಗಿದ್ದಕ್ಕೋ, ಮೈಯುರಿಗೋ, ಇನ್ನೂ ಗಟ್ಟಿಯಿದ್ದ ಸಿಗಡಿಗಳು ನೀರಿನ ಮೇಲಕ್ಕೆ ಚಿಮ್ಮಿ ಚಿಮ್ಮಿ ಬಂದವು. ಅವಳು ನಿಲ್ಲಿಸಲಿಲ್ಲ. ಗಂಡ ಚಕ್ರಗಳನ್ನು ಓಡಿಸುತ್ತಲೇ ಇದ್ದ, ಪುಡಿ ಎಲ್ಲ ಕಡೆ ಬೆರೆಯಬೇಕಲ್ಲ. ಸಂಜೆಯ ಹೊತ್ತಿಗೆ ನೀರಿನ ಹಸಿರು ಬಿಟ್ಟುಹೋಗಿ ತಳ ಕಾಣತೊಡಗಿತು. ಕೊಳಕ್ಕೆ ನೀರು ತುಂಬಿದ ಮೇಲೆ ಆ ತಳವನ್ನು ಅವಳು ನೋಡಿರಲೇ ಇಲ್ಲ.

*

ಅಣ್ಣನ ಮನೆಗೆ ಅವಳು ಹೋದದ್ದು ಕೆಲವು ದಿನಗಳ ಮೇಲೆ, ಬಿಸಿಲು ಏರಿದ ಹೊತ್ತಿಗೆ. ಆ ಬೆಳಿಗ್ಗೆ ಗಂಡ ದೋಣಿಚೀಲವನ್ನು ಮೊಳೆಯಿಂದ ಇಳಿಸಿ, ಧೂಳು ಕೊಡವಿ, ಒಳಗಿನ ಒರಟು ಕೈಗವಸುಗಳನ್ನು ತೊಳೆದು ಹಾಕಿದ್ದ. ಅದನ್ನು ನೋಡುತ್ತ ಕೂರಲಾಗದೆ ಹೊರಟು ಬಂದಿದ್ದಳು.

ಅತ್ತಿಗೆ ಬಾಗಿಲಲ್ಲೇ ಸಿಕ್ಕಿದಳು. "ಬಾರೇ. ಎಷ್ಟು ಸೊರಗಿದ್ದೀಯ," ಎಂದು ಕೈ ಹಿಡಿದುಕೊಂಡಳು. ಆಮೇಲೆ ದನಿ ತಗ್ಗಿಸಿ, "ಒಂದು ಮಾತೂ ಆಡಲ್ಲ ಕಣೇ. ಊಟಕ್ಕೆ ಕರೆದ್ರೆ ಬರ್ತಾರೆ, ತಿಂತಾರೆ, ಏಳ್ತಾರೆ. ಬೆಳಿಗ್ಗೆ ಆ ಬಲೆ ಬಿಸಿಲಿಗೆ ಹಾಕೋದು, ಸಂಜೆ ಮಡಚೋದು. ಮತ್ತೆ ಬೆಳಿಗ್ಗೆ ಹಾಕೋದು. ಅದು ಒಣಗಿ ಯಾವ ಕಾಲ ಆಯ್ತು! ನಾನು ಹೇಳಿದ್ರೆ ಕೇಳಲ್ಲ. ನೀನಾದ್ರೂ ಹೇಳು."

ಹಿತ್ತಲಿನ ಗಿಡ್ಡ ಗೋಡೆಯ ಮೇಲೆ ಬಲೆ ಹರಡಿತ್ತು. ಇಷ್ಟು ವರ್ಷ ಬಕೆಟ್ಟಿನಲ್ಲಿ ಮುದುಡಿದ್ದನ್ನೋ ಗಾಳಿಯಲ್ಲಿ ಒಂದು ಗಳಿಗೆ ಅರಳಿದ್ದನ್ನೋ ಬಿಟ್ಟರೆ ಅದನ್ನು ಹೀಗೆ ಸುಮ್ಮನೆ ಬಿದ್ದಿರುವಾಗ ಅವಳು ನೋಡಿರಲಿಲ್ಲ. ಉಪ್ಪು ಹಿಡಿದು ನೂಲು ಬೆಳ್ಳಗಾಗಿತ್ತು. ಮುಟ್ಟಿದರೆ ಒರಟು. ಎಷ್ಟೋ ಕಡೆ ಅವನು ಬೇರೆ ಬೇರೆ ಬಣ್ಣದ ದಾರದಲ್ಲಿ ಹೆಣೆದು ಸರಿಮಾಡಿದ್ದ. ಒದ್ದೆಯಿದ್ದಾಗ ಅವೆಲ್ಲ ಒಂದೇ ಬಣ್ಣವಾಗಿ ಕಾಣುತ್ತಿದ್ದವು.

ಅಣ್ಣ ಗೋಡೆಯ ನೆರಳಲ್ಲಿ ಕೂತಿದ್ದ. ಅವಳನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಕೂತಳು. ಒಳಗಿನಿಂದ ಪಾತ್ರೆಗಳ ಸದ್ದು ಬರುತ್ತಿತ್ತು. ಇಬ್ಬರೂ ಎದುರಿನ ಬಟ್ಟೆ ಹಗ್ಗದ ಕಡೆ ನೋಡುತ್ತ ಕೂತರು.

"ಭಾವ ಯಾವಾಗ ಹೊರಡ್ತಾನೆ?" ಅವನೇ ಮೊದಲು ಕೇಳಿದ.

"ದೋಣಿ ಇಳಿಯೋ ದಿನ ಹೇಳಿ ಕಳಿಸ್ತಾರಂತೆ."

"ಬೆನ್ನಿಗೆ ಪಟ್ಟಿ ಕಟ್ಟಿಕೊಳ್ಳೋಕೆ ಹೇಳು."

"ಹೇಳಿದ್ದೀನಿ."

ಅವನು ನೆಲದ ಮೇಲಿದ್ದ ಕಡ್ಡಿಯೊಂದನ್ನು ಎತ್ತಿಕೊಂಡು ಮುರಿದ, ಮುರಿದದ್ದನ್ನು ಮತ್ತೆ ಮುರಿದ. ಇನ್ನು ಮುರಿಯಲಾರದಷ್ಟು ಚಿಕ್ಕದಾದ ಮೇಲೆ ಕೇಳಿದ.

"ಆ ದಿನ ತಟ್ಟೆ ತೋರಿಸಿದೆಯಲ್ಲ. ಹಕ್ಕಿ ಬರೋ ಹಿಂದಿನ ದಿನ. ಖಾಲಿ ಇತ್ತಾ?"

ಅವಳು ಅವನ ಕಡೆ ತಿರುಗಲಿಲ್ಲ. "ಖಾಲಿ ಇತ್ತು," ಎಂದಳು.

ಅವನು ತಲೆಯಾಡಿಸಿದ. ಆಚೆ ದಡದಲ್ಲಿ ನಿಂತು ಆಡಿಸುತ್ತಿದ್ದ ಹಾಗೆಯೇ.

ಅತ್ತಿಗೆ ಒಳಗಿನಿಂದ ಊಟಕ್ಕೆ ಕರೆದಳು. ಇಬ್ಬರೂ ಓಗೊಟ್ಟರು, ಏಳಲಿಲ್ಲ. ಬಿಸಿಲು ಗೋಡೆಯ ಈ ಕಡೆಯಿಂದ ಆ ಕಡೆಗೆ ಸರಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ತಂಗಿ ಎದ್ದು ಹೋಗಿ ಬಲೆಯ ಒಂದು ಅಂಚನ್ನು ಎತ್ತಿದಳು. ಒಣ ನೂಲು ಕರಕರ ಎಂದಿತು. ಎರಡೂ ಕಡೆ ಎಂದೋ ಒಣಗಿತ್ತು. ಅವಳು ಅಂಚನ್ನು ಬಿಡಲಿಲ್ಲ. ಅಣ್ಣ ಬಂದು ಇನ್ನೊಂದು ಅಂಚು ಹಿಡಿದ. ಇಬ್ಬರೂ ಅದನ್ನು ಮೆಲ್ಲಗೆ ಮೇಲೆತ್ತಿ, ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ, ಬಿಸಿಲಿರುವ ಕಡೆ ನೋಡಿ ಹರಡಿದರು. ಸೀಸದ ಗುಂಡುಗಳು ಗೋಡೆಗೆ ಬಡಿದು, ಒಂದರ ಹಿಂದೊಂದು, ಸದ್ದು ಮಾಡಿದವು.